ಗಡ್ಡೆ ಕರಗಿಸ್ತೀವಿ ಅನ್ನುವವರ ಮಾತು ಕೇಳಿ ತಂಗಿಯ ಒಂದು ಅಂಡಾಶಯ ಕಳೆದೆವು

ದಾವಣಗೆರೆ, ಚಿತ್ರದುರ್ಗ ಕಡೆ ಹೆಣ್ಣುಮಕ್ಕಳಿರುವ ಮನೆಯವರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡುವವಳು. ಬೋರ್ಡ್ ಮೇಲೆ ಅಂಡಾಶಯದ ಚಿತ್ರ ಬರೆಯುವ ಈ ಕೈಯಲ್ಲೇ 14,500 ರೂಪಾಯಿ ಫೋನ್‌ಪೇ ಮಾಡಿದೆ. ಚೂರ್ಣಕ್ಕೆ.

ತಂಗಿಗೆ 20 ವರ್ಷ, ಬಿ.ಕಾಂ ಓದುತ್ತಿದ್ದಾಳೆ. ಹೊಟ್ಟೆ ಭಾರ, ಚೂಡಿದಾರ ಬಿಗಿ ಅನ್ನುತ್ತಿದ್ದಳು. ಬೆಣ್ಣೆ ದೋಸೆ ಜಾಸ್ತಿ ಆಯಿತು ಅಂತ ನಾವೇ ರೇಗಿಸುತ್ತಿದ್ದೆವು. ಮುಟ್ಟು ಸರಿಯಾಗೇ ಬರುತ್ತಿತ್ತಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದರೆ ಬಲಗಡೆ ಅಂಡಾಶಯದಲ್ಲಿ 9 ಸೆಂಟಿಮೀಟರ್ ಗಡ್ಡೆ. ಡರ್ಮಾಯ್ಡ್ ಸಿಸ್ಟ್ ಅಂದರು.

ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದ್ದರು. ರಕ್ತ ಪರೀಕ್ಷೆ ಚೆನ್ನಾಗಿದೆ, ಕ್ಯಾನ್ಸರ್ ತರ ಕಾಣಲ್ಲ, ಆದರೆ ಇದು ತಾನಾಗೇ ಹೋಗುವ ಜಾತಿಯಲ್ಲ. ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತು ಮಾಡಿ, ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯೋಣ, ಅಂಡಾಶಯ ಉಳಿಸೋಕೆ ನೋಡೋಣ, ತಿಂಗಳೊಳಗೆ ಮಾಡಿಸಿ. ನಡುವೆ ಇದ್ದಕ್ಕಿದ್ದಂತೆ ಜೋರು ನೋವು, ವಾಂತಿ ಬಂದರೆ ಮಧ್ಯರಾತ್ರಿಯಾದರೂ ಸರಿ, ಬಂದುಬಿಡಿ ಅಂದಿದ್ದರು. ಇಷ್ಟು ಬಿಡಿಸಿ ಹೇಳಿದ್ದರು. ಇಷ್ಟು ಬಿಡಿಸಿ!

ಮನೆಗೆ ಬಂದರೆ ಅಮ್ಮ ಊಟ ಬಿಟ್ಟರು. ಮದುವೆ ಆಗಬೇಕಾದ ಹುಡುಗಿ, ಹೊಟ್ಟೆ ಮೇಲೆ ಹೊಲಿಗೆ ಗುರುತು ಇದ್ದರೆ ಗಂಡಿನ ಕಡೆಯವರು ಏನಂತಾರೆ ಅಂತ. ಅಷ್ಟರಲ್ಲಿ ಪಕ್ಕದ ಮನೆಯವರು ಗಡ್ಡೆಗೆ ಔಷಧಿ ಕೊಡುವವರೊಬ್ಬರ ನಂಬರ್ ಕೊಟ್ಟರು. ಅವರ ಚಿಕ್ಕಮ್ಮನ ಗಡ್ಡೆ ಕಷಾಯದಲ್ಲೇ ಹೋಗಿತ್ತಂತೆ. ಸರಿ, ಹೋದೆವು. ಹಳೇ ಊರಿನ ಕಡೆ ಮಹಡಿ ಮೇಲೆ ಒಂದು ರೂಮು. ನಾಡಿ ಹಿಡಿದರು, ಕಣ್ಣು ಮುಚ್ಚಿದರು. ಸ್ಕ್ಯಾನಿಂಗ್ ರಿಪೋರ್ಟನ್ನು ಕವರಿಂದ ಹೊರಗೂ ತೆಗೆಯಲಿಲ್ಲ. "ಗಡ್ಡೆ ಅಂದ್ರೆ ಐಸ್ ಇದ್ದಂಗೆ ಮೇಡಂ. ಒಳಗೆ ಉಷ್ಣ ಕೊಟ್ರೆ ಕರಗುತ್ತೆ. ಮೂರು ತಿಂಗಳ ಕೋರ್ಸು." ಮೊಬೈಲಲ್ಲಿ ಎರಡು ಸ್ಕ್ಯಾನಿಂಗ್ ಚಿತ್ರ ತೋರಿಸಿದರು. ಮೊದಲಿನದರಲ್ಲಿ ದೊಡ್ಡ ಕರಿ ಗುಂಡು, ಎರಡನೆಯದರಲ್ಲಿ ಏನೂ ಇಲ್ಲ. ನಾನು ಕೇಳಿಕೊಂಡಿದ್ದಕ್ಕೆ ವಾಟ್ಸಾಪ್‌ಗೂ ಕಳಿಸಿದರು. ಅದನ್ನು ಅಮ್ಮನಿಗೆ ತೋರಿಸಿದವಳು ನಾನೇ.

ಎರಡನೇ ತಿಂಗಳು, ಒಂದು ಭಾನುವಾರ ಸಂಜೆ ಆರು ಗಂಟೆ. ತಂಗಿ ಮೆಟ್ಟಿಲು ಇಳಿಯುತ್ತಿದ್ದವಳು ಹಾಗೇ ಕುಸಿದು ಕೂತಳು. ಬಲಗಡೆ ಕೆಳಹೊಟ್ಟೆ ಹಿಡಿದುಕೊಂಡು ಚೀರಾಟ. ವಾಂತಿ. ನಾನು ಯಾರಿಗೆ ಫೋನ್ ಮಾಡಿದೆ ಹೇಳಿ? ಅವರಿಗೆ.

"ಕರಗೋವಾಗ ನೋವು ಬರುತ್ತೆ ಮೇಡಂ, ಇದೇ ಒಳ್ಳೇ ಲಕ್ಷಣ."

ವಾಂತಿ ಅಂದೆ. "ಕೆಟ್ಟದ್ದು ಹೊರಗೆ ಹೋಗ್ತಾ ಇದೆ. ನೋವಿನ ಮಾತ್ರೆ ಕೊಡಬೇಡಿ, ಔಷಧಿ ಕೆಲಸ ನಿಂತುಬಿಡುತ್ತೆ."

ಕೊಡಲಿಲ್ಲ. ರಾತ್ರಿಯೆಲ್ಲ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತೆವು. ಹತ್ತು ಗಂಟೆಗೆ ಮತ್ತೆ ಫೋನ್ ಮಾಡಿದಾಗಲೂ ಅದೇ ಮಾತು, ಒಳ್ಳೇ ಲಕ್ಷಣ. ಆಸ್ಪತ್ರೆಗೆ ಸೇರಿಸಿದಾಗ ಬೆಳಗ್ಗೆ ಎಂಟು. ಹದಿನಾಲ್ಕು ಗಂಟೆ. ಮನೆಯಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ.

ಬಲಗಡೆ ನೋವು ಅಂತ ಮೊದಲು ಅಪೆಂಡಿಕ್ಸ್ ಇರಬಹುದು ಅಂದರು. ಹಳೇ ರಿಪೋರ್ಟ್ ನೋಡಿದ ತಕ್ಷಣ ಓಡಾಟ ಶುರುವಾಯಿತು. ಗಡ್ಡೆಯ ಭಾರಕ್ಕೆ ಅಂಡಾಶಯ ಬುಡದಿಂದಲೇ ತಿರುಚಿಕೊಂಡಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ರಕ್ತ ಹೋಗುವ ದಾರಿ ಮುಚ್ಚಿತ್ತು. ಆಪರೇಷನ್ ಮಾಡಿದವರು ತಿರುಚನ್ನು ಬಿಡಿಸಿ ನೋಡಿದರಂತೆ. ಕಪ್ಪಾಗಿದೆ ಅಂತ ಸುಮ್ನೆ ತೆಗೆಯಲ್ಲ, ಎಷ್ಟೋ ಸಲ ಚೇತರಿಸಿಕೊಳ್ಳುತ್ತೆ, ಇದು ಮುಟ್ಟಿದರೆ ಹರಿದುಬರುತ್ತಿತ್ತು ಅಂದರು. ಅಂಡಾಶಯ, ಪಕ್ಕದ ನಾಳ ಎರಡೂ ತೆಗೆದರು. ಅಮ್ಮ ಸಣ್ಣ ಗುರುತಿಗೆ ಹೆದರಿದ್ದರಲ್ಲ, ಈಗ ಇರುವುದು ಉದ್ದ ಹೊಲಿಗೆ.

ತೆಗೆದ ಗಡ್ಡೆಯನ್ನು ಟ್ರೇಯಲ್ಲಿ ತಂದು ತೋರಿಸಿದರು. ಒಳಗೆ ಡಾಲ್ಡಾ ತರದ ಜಿಡ್ಡು, ಅದರ ತುಂಬ ಕೂದಲು. ಉದ್ದ ಕೂದಲು! ಒಂದು ಹಲ್ಲು ಕೂಡ ಇತ್ತು. ಡರ್ಮಾಯ್ಡ್ ಅಂದರೆ ಇದೇ ಅಂತೆ, ಹುಟ್ಟಿದಾಗಿಂದಲೇ ಇರುವ ಜೀವಕೋಶಗಳಿಂದ ನಿಧಾನಕ್ಕೆ ಬೆಳೆಯೋದು. ಕೂದಲನ್ನು ಯಾವ ಕಷಾಯ ಕರಗಿಸುತ್ತೆ ಹೇಳಿ?

ನಿಜವಾಗಿ ಮೈ ಉರಿದದ್ದು ಮಾರನೇ ದಿನ. ವಾರ್ಡಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಿಗೆ ಆ ಎರಡು ಚಿತ್ರ ತೋರಿಸಿದೆ. ಎರಡೇ ಸೆಕೆಂಡು ನೋಡಿ, "ಮೇಡಂ, ಮೂಲೆ ಓದಿ" ಅಂದಳು. ಮೊದಲನೇ ಚಿತ್ರದ ಮೂಲೆಯಲ್ಲಿ ಬಲ ಅಂಡಾಶಯ ಅಂತ ಇಂಗ್ಲಿಷಿನಲ್ಲಿ ಸಣ್ಣಕ್ಷರ. ಎರಡನೆಯದರಲ್ಲಿ ಎಡ ಅಂಡಾಶಯ. ಗಡ್ಡೆ ಇರುವ ಕಡೆ ಒಂದು, ಇಲ್ಲದ ಕಡೆ ಒಂದು, ಅಷ್ಟೇ. ಎರಡು ತಿಂಗಳು ಅದು ನನ್ನ ಮೊಬೈಲಲ್ಲೇ ಇತ್ತು. ಮಕ್ಕಳಿಗೆ ಚಿತ್ರದ ಭಾಗ ಗುರುತಿಸಿ ಅಂತ ಪ್ರಶ್ನೆ ಕೊಡುವವಳು ನಾನು. ನಾನು ಓದಲಿಲ್ಲ.

ಪಕ್ಕದ ಮನೆ ಚಿಕ್ಕಮ್ಮನ ಗಡ್ಡೆ ಹೋಗಿದ್ದು ಹೇಗೆ ಅಂತಲೂ ಕೇಳಿದೆ. ಮುಟ್ಟಿನ ಚಕ್ರದಲ್ಲಿ ಆಗುವ ನೀರುಗುಳ್ಳೆ ಎಷ್ಟೋ ಸಲ ಎರಡು ಮೂರು ತಿಂಗಳಲ್ಲಿ ತಾನಾಗೇ ಇಳಿಯುತ್ತಂತೆ, ಅದೂ ಹಾಗೇ ಇರಬೇಕು ಅಂದರು. ಇವರ ಕೋರ್ಸೂ ಸರಿಯಾಗಿ ಮೂರು ತಿಂಗಳು! ಇಳಿದರೆ ಹೆಸರು ಇವರಿಗೆ. ಇಳಿಯದಿದ್ದರೆ?

ಇಳಿಯದಿದ್ದರೆ ಏನು ಹೇಳುತ್ತಾರೆ ಅಂತ ಕೇಳಿ. ಫೋನ್ ಮಾಡಿ ಎಲ್ಲ ಹೇಳಿದೆ. ಒಂದು ಅಯ್ಯೋ ಇಲ್ಲ. "ಹುಡುಗಿ ಪಥ್ಯ ಮುರಿದಿರಬೇಕು. ಮಂಡಕ್ಕಿ ಮಿರ್ಚಿ ತಿಂದ್ಲಾ ಕೇಳಿ." ದುಡ್ಡು ವಾಪಸ್ ಕೊಡಿ ಅಂದೆ. "ಕೋರ್ಸ್ ನೀವು ಪೂರ್ತಿ ಮಾಡಿಲ್ಲವಲ್ಲ ಮೇಡಂ." ಆಮೇಲೆ ದನಿ ಮೆತ್ತಗಾಯಿತು. "ಇನ್ನೊಂದು ಕಡೆ ಬರಬಾರದು ಅಂದ್ರೆ ಆರು ತಿಂಗಳ ಪುಡಿ ಇದೆ. ನಿಮಗೆ ಅರ್ಧ ರೇಟಿಗೆ ಕೊಡ್ತೀನಿ."

ಅರ್ಧ ರೇಟಿಗೆ! ತಂಗಿಗೆ ಉಳಿದಿದ್ದೂ ಅರ್ಧವೇ, ಅದಕ್ಕಿರಬೇಕು. ನಾನು ಬೈದೆ, ಅವರು ಬ್ಲಾಕ್ ಮಾಡಿದರು.

ತಂಗಿ ಈಗ ಪರವಾಗಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಒಂದು ಅಂಡಾಶಯದಲ್ಲೇ ಮುಟ್ಟೂ ಬರುತ್ತೆ, ಮಕ್ಕಳೂ ಆಗಬಹುದು ಅಂದಿದ್ದಾರೆ. ಇನ್ನೊಂದು ಕಡೆಯನ್ನು ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ಮೊನ್ನೆ ಬೆಣ್ಣೆ ದೋಸೆ ತಂದುಕೊಟ್ಟರೆ, "ಅಕ್ಕಾ, ಪಥ್ಯ ಮುರೀಲಾ?" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ರಿಪೋರ್ಟಲ್ಲಿ ಗಡ್ಡೆ 5 ಸೆಂಟಿಮೀಟರ್ ದಾಟಿದ್ದರೆ ಅದು ಯಾವ ಜಾತಿ, ತಿರುಚಿಕೊಳ್ಳುವ ಭಯ ಇದೆಯಾ ಅಂತ ಡಾಕ್ಟರನ್ನೇ ಕೇಳಿ. ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣುವ ಹಾರ್ಮೋನ್ ತೊಂದರೆ) ಇರಬೇಕು, ಎಲ್ಲರಿಗೂ ಇರುತ್ತೆ ಅಂತ ಬಿಡಬೇಡಿ, ಅದೇ ಬೇರೆ, ಇದೇ ಬೇರೆ. ಆಪರೇಷನ್ ಮೇಲೆ ಅನುಮಾನವಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ದುಡ್ಡಿನ ಭಯ ಇದ್ದರೆ ದಾವಣಗೆರೆಯ ಚಿಗಟೇರಿ ಸರ್ಕಾರಿ ಜಿಲ್ಲಾ ಆಸ್ಪತ್ರೆ ಇದೆ, ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಯೋಜನೆ ಇದೆ. ಮಹಡಿ ಮೇಲಿನ ರೂಮಿಗೆ ಮಾತ್ರ ಹೋಗಬೇಡಿ.

ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ದೂರು ಬರೆಯುತ್ತಿದ್ದೇನೆ. ಎರಡು ಡಬ್ಬಿ, ಫೋನ್‌ಪೇ ರಸೀದಿ, ಆ ಚಿತ್ರಗಳು ಎಲ್ಲ ಇಟ್ಟಿದ್ದೇನೆ. ಯಾರಿಗಾದರೂ ಇದೇ ಎರಡು ಚಿತ್ರ ಬಂದಿದ್ದರೆ ಅಳಿಸಬೇಡಿ. ಮೊದಲು ಮೂಲೆ ಓದಿ, ಆಮೇಲೆ ನನಗೆ ಹೇಳಿ. ದೂರಿಗೆ ಇಬ್ಬರ ಸಹಿ ಇದ್ದರೆ ಒಳ್ಳೇದು.