ಮಳೆಯಲ್ಲಿ ಬೆಟ್ಟ ಹತ್ತುವ ಮುನ್ನ ಪೆಡಲ್ ಮುಟ್ಟಿ ನೋಡಿ

ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ ಮೇಲೆ ರನ್ನಿಂಗ್ ಶೂ ಇಟ್ಟು ಮಳೆಗಾಲದಲ್ಲಿ ತುಳಿಯುವವರು ದಯವಿಟ್ಟು ಇದನ್ನು ಓದಿ.

ಕಳೆದ ಆಷಾಢದ ಮಾತು. ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗ ಇರುವುದಿಲ್ಲವೆಂದು ಬುಧವಾರ ಬೆಳಗಿನ ಜಾವ ತಾವರೆಕಟ್ಟೆ ಕಡೆಯಿಂದ ಹತ್ತತೊಡಗಿದೆ. ಜಿಟಿಜಿಟಿ ಮಳೆ. ಟೈರಿನ ಗಾಳಿ, ಬ್ರೇಕು, ಲೈಟು ಎಲ್ಲವನ್ನೂ ಹಿಂದಿನ ರಾತ್ರಿಯೇ ನೋಡಿಟ್ಟಿದ್ದೆ. ಪೆಡಲ್ಲಿನ ಹಲ್ಲುಗಳು ಸವೆದು ನುಣ್ಣಗಾಗಿದ್ದವು, ಅದೊಂದನ್ನು ಮಾತ್ರ ನೋಡಿರಲಿಲ್ಲ.

ಒಂದು ಕಡಿದಾದ ತಿರುವಿನಲ್ಲಿ ಸೀಟು ಬಿಟ್ಟು ಎದ್ದು ನಿಂತು ತುಳಿದೆ. ಮೈಭಾರವೆಲ್ಲ ಬಲಗಾಲಿನ ಮೇಲಿದ್ದ ಹೊತ್ತಿಗೆ ಪಾದ ಮುಂದಕ್ಕೆ ಜಾರಿತು. ಭಾರ ಎಡಗಾಲಿಗೆ ಬಿದ್ದು ಪೆಡಲ್ ಹಿಮ್ಮುಖ ತಿರುಗಿತು, ಬಲಗಡೆಯದು ಮೇಲೆದ್ದು ಬಂದು ಕಣಕಾಲಿನ ಮೂಳೆಗೆ ಬಡಿಯಿತು. ನಾನು ಬಾರ್ ಮೇಲೆ ಕುಸಿದು, ಅಲ್ಲಿಂದ ರಸ್ತೆಗೆ. ಒಂಬತ್ತು ಹೊಲಿಗೆ ಬಿತ್ತು. ಕೆಳಗಿಳಿಯುತ್ತಿದ್ದ ಬಸ್ಸು ಆ ತಿರುವಿಗೆ ಬಂದಿದ್ದು ನಾನು ಪಕ್ಕಕ್ಕೆ ಸರಿದ ಮೇಲೆ. ಅದನ್ನು ನೆನೆದರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ.

ಸೈಕಲ್ ಕೊಂಡ ದಿನ ಅಂಗಡಿಯವರು "ಯಾವ ಶೂ ಆದ್ರೂ ನಡಿಯುತ್ತೆ ಸಾರ್" ಅಂದಿದ್ದರು. ನಡೆಯುವುದಿಲ್ಲ. ರನ್ನಿಂಗ್ ಶೂನ ಅಟ್ಟೆ ಓಡುವುದಕ್ಕೆಂದು ಮಾಡಿದ್ದು: ದಪ್ಪ, ಮೆತ್ತಗೆ, ತುದಿಯಲ್ಲಿ ಮೇಲಕ್ಕೆ ಬಾಗಿರುತ್ತದೆ, ಆಳವಾದ ಗೀರುಗಳಿರುತ್ತವೆ. ಪೆಡಲ್ಲಿಗೆ ತಾಗುವುದು ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ. ಗೀರಿನಲ್ಲಿ ಕೆಸರು ತುಂಬಿದರೆ ಅದೂ ಇಲ್ಲ. ಮೆತ್ತನೆಯ ಅಟ್ಟೆ ಪೆಡಲ್ ಮೇಲೆ ಬಾಗುವುದರಿಂದ ತುಳಿದ ಶಕ್ತಿಯೂ ಪೋಲು.

ಬೇಕಾದದ್ದು ಅಗಲವಾದ, ಚಿಕ್ಕ ಲೋಹದ ಪಿನ್‌ಗಳಿರುವ ಪೆಡಲ್ ಮತ್ತು ಚಪ್ಪಟೆ ರಬ್ಬರ್ ಅಟ್ಟೆಯ ಶೂ. ಎರಡೂ ಒಟ್ಟಿಗೇ ಬೇಕು. ಪಿನ್ ಚೆನ್ನಾಗಿದ್ದು ಅಟ್ಟೆ ಗಟ್ಟಿ ಪ್ಲಾಸ್ಟಿಕ್‌ನಂತಿದ್ದರೆ ಹಿಡಿತ ಸಿಗದು. ಅಂಗಡಿಯಲ್ಲೇ ಶೂ ಹಾಕಿಕೊಂಡು, ಪೆಡಲ್ ಮೇಲೆ ಒತ್ತಿ, ಪಾದವನ್ನು ಆಚೀಚೆ ತಿರುಗಿಸಲು ನೋಡಿ. ಪಾದ ಎತ್ತದೆ ತಿರುಗದಿದ್ದರೆ ಅದು ಒಳ್ಳೆಯ ಜೋಡಿ. ದುಬಾರಿ ಶೂ ಬೇಡವೆಂದರೆ ಸಾದಾ ಕ್ಯಾನ್ವಾಸ್ ಶೂ ಕೂಡ ರನ್ನಿಂಗ್ ಶೂಗಿಂತ ವಾಸಿ. ಹೆಬ್ಬೆರಳ ಬುಡದ ದಪ್ಪ ಭಾಗ ಪೆಡಲ್ಲಿನ ಅಚ್ಚಿನ ಮೇಲೆ ಬರುವಂತೆ ಪಾದ ಇಡಿ. ಒಂದು ಮಾತು, ಪಿನ್ ತಗುಲಿದರೆ ಗಾಯ ಪ್ಲಾಸ್ಟಿಕ್‌ನದಕ್ಕಿಂತ ಆಳವಾಗುತ್ತದೆ. ಹಾಗಾಗಿ ಸವೆದ ಶೂ ಜೊತೆ ಅದನ್ನೂ ನೆಚ್ಚಬೇಡಿ.

ಗಾಯ ಮಾಗಿದ ಮೇಲೆ ಹೆದರಿಕೆಯಲ್ಲಿ ಶೂ ಕಚ್ಚಿಕೊಳ್ಳುವ ಎಸ್‌ಪಿಡಿ ಪೆಡಲ್ ಕೊಂಡೆ. ಮೂರನೆಯ ದಿನ ಸಿಗ್ನಲ್‌ನಲ್ಲಿ ಕಾಲು ಬಿಡಿಸಲಾಗದೆ ನಿಂತಲ್ಲೇ ಪಕ್ಕಕ್ಕೆ ಉರುಳಿದೆ. ಹಿಂದಿದ್ದ ಆಟೋದವರು ಬ್ರೇಕ್ ಹಾಕಿದ್ದಕ್ಕೆ ಬಚಾವಾದೆ. ಅದರ ಬಿಗಿ ಸಡಿಲಿಸಲು ಪುಟ್ಟ ಸ್ಕ್ರೂ ಇರುತ್ತದೆ, ಅಲೆನ್ ಕೀಯಿಂದ ತಿರುಗಿಸಬಹುದು. ನನಗೆ ಯಾರೂ ಹೇಳಿರಲಿಲ್ಲ. ಹಾಕಿಕೊಳ್ಳುವವರು ಮೊದಲು ಪೂರ್ತಿ ಸಡಿಲ ಮಾಡಿ, ಗೋಡೆ ಹಿಡಿದು ನಿಂತು, ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ ಬಿಡಿಸುವುದು ಕಾಲಿಗೆ ರೂಢಿಯಾದ ಮೇಲೆ ರಸ್ತೆಗಿಳಿಯಿರಿ. ನಾನಂತೂ ಪಿನ್ ಪೆಡಲ್ಲಿಗೆ ಮರಳಿದ್ದೇನೆ.

ಮನೆಯಲ್ಲೇ ಪೆಡಲ್ ಬದಲಿಸುವುದಾದರೆ, ಎಡಗಡೆಯದರ ತಿರುಪು (ಥ್ರೆಡ್) ಉಲ್ಟಾ ಇರುತ್ತದೆ. ಬಲವಂತವಾಗಿ ತಿರುಗಿಸಿದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕೇ ಹಾಳು. ಬಲಗಾಲಿನ ಲೇಸನ್ನು ಶೂ ಒಳಗೆ ಸಿಕ್ಕಿಸಿಕೊಳ್ಳಿ, ಚೈನ್ ಇರುವುದು ಆ ಕಡೆಗೇ.