ಎರಡು ಜೊತೆ ಚಕ್ರ, ಒಂದೇ ಸೈಕಲ್: ಎರಡು ಮಳೆಗಾಲ ಓಡಿಸಿದ ಮೇಲೆ

ಡಾಂಬರು, ಮಣ್ಣುದಾರಿ ಎರಡರಲ್ಲೂ ಓಡುವ ಗ್ರಾವೆಲ್ ಬೈಕ್‌ಗೆ ಇನ್ನೊಂದು ಜೊತೆ ಚಕ್ರ ತಗೊಳ್ಳಬಹುದಾ ಅಂತ ಯಾರಾದರೂ ಕೇಳಿದರೆ, ನಿಮ್ಮ ಊರು ಯಾವುದು ಅಂತ ನಾನು ಮೊದಲು ಕೇಳುತ್ತೇನೆ. ಚಿಕ್ಕಮಗಳೂರಿನಿಂದ ಕಡೂರು ರಸ್ತೆ ಹಿಡಿದರೆ ಸಖರಾಯಪಟ್ಟಣದ ಕಡೆಗೆಲ್ಲ ಬಯಲುಸೀಮೆ, ಡಾಂಬರು, ಎದುರುಗಾಳಿ. ಕೈಮರದ ಕಡೆ ಹೋದರೆ 1930 ಮೀಟರಿನ ಮುಳ್ಳಯ್ಯನಗಿರಿ. ಆಲ್ದೂರು, ಮಲ್ಲಂದೂರಿನತ್ತ ಹೊರಟರೆ ತೋಟದ ಮಣ್ಣುದಾರಿ, ಜಲ್ಲಿ, ಇಂಬಳ. ಇದೆಲ್ಲಕ್ಕೂ ಒಂದೇ ಜೊತೆ ಟೈರ್ ಒಗ್ಗಲ್ಲ. ಎರಡನೇ ಸೈಕಲ್ ನನ್ನ ಸಂಬಳಕ್ಕೆ ಒಗ್ಗಲ್ಲ.

ಹಾಗಾಗಿ ಒಂದು ಜೊತೆಗೆ 32 ಎಂಎಂ ನುಣುಪು ಟೈರ್, 11-28 ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ ಚಿಕ್ಕದಕ್ಕೆ 11 ಹಲ್ಲು, ದೊಡ್ಡದಕ್ಕೆ 28. ಇನ್ನೊಂದಕ್ಕೆ 42 ಎಂಎಂ ಟೈರ್, 11-42. ಮುಂದೆ, ಪೆಡಲ್ ಹತ್ತಿರ, 40 ಹಲ್ಲಿನ ಒಂದೇ ಚೈನ್‌ರಿಂಗ್. ಹಿಂದೆ 42ರ ದೊಡ್ಡ ಹಲ್ಲಿಗೆ ಹಾಕಿದರೆ ಪೆಡಲ್ ಒಂದು ಸುತ್ತು ಬಂದರೂ ಚಕ್ರ ಒಂದು ಸುತ್ತು ಪೂರ್ತಿ ಬರಲ್ಲ. ತೋಟದ ಏರಿಗೆ ಅದೇ ಬೇಕು. 11-28ರ ಸುಖ ಬೇರೆ. 11ರಿಂದ 15ರವರೆಗೆ ಒಂದೊಂದೇ ಹಲ್ಲು ಏರುತ್ತೆ. ಗಾಳಿ ಜೋರಾದರೂ ಕಾಲಿನ ಲಯ ತಪ್ಪಲ್ಲ. ಇನ್ನೊಂದರಲ್ಲಿ 11, 13, 15 ಅಂತ ಹಾರುವಾಗ ಬೇಕಾದ ಗೇರ್ ಯಾವಾಗಲೂ ನಡುವಿನದೇ.

ಶನಿವಾರ ರಾತ್ರಿ ಊಟ ಆದಮೇಲೆ ಚಕ್ರ ಬದಲಿಸುವುದು ನನಗೆ ತುಂಬ ಇಷ್ಟದ ಕೆಲಸ. ಚೈನ್ ಚಿಕ್ಕ ಹಲ್ಲಿಗೆ ಇಳಿಸಿ, ಡಿರೇಲರ್ (ಚೈನನ್ನು ಹಲ್ಲಿಂದ ಹಲ್ಲಿಗೆ ಸರಿಸುವ ಭಾಗ) ಬಿಗಿ ಹಿಡಿಯುವ ಕ್ಲಚ್ ಆಫ್ ಮಾಡಿ, ಆಕ್ಸಲ್ ಬಿಚ್ಚಿ ಚಕ್ರ ತೆಗೆದು, ಬ್ರೇಕ್ ಪ್ಯಾಡ್‌ಗಳ ನಡುವೆ ಹಳೇ ಲಗ್ನಪತ್ರಿಕೆಯ ತುಂಡು ತೂರಿಸುತ್ತೇನೆ. ಇಲ್ಲದಿದ್ದರೆ ಮಗ ಬಂದು ಲಿವರ್ ಒತ್ತಿ ಪ್ಯಾಡ್ ಕಚ್ಚಿಸಿಬಿಡುತ್ತಾನೆ. ಮೂಲೆಯಲ್ಲಿದ್ದ ಜೊತೆಯನ್ನು ಕೈಯಲ್ಲೇ ಒಂದಷ್ಟು ಸುತ್ತಿಸಬೇಕು, ಟೈರಿನೊಳಗೆ ತೂತು ಮುಚ್ಚಲು ಹಾಕಿದ ದ್ರವ, ಸೀಲೆಂಟ್, ತಳಕ್ಕೆ ಇಳಿದಿರುತ್ತೆ. ಪಂಪಿನ ಸದ್ದು ಕೇಳಿದ ಕೂಡಲೇ ಒಳಗಿಂದ, "ಅಂದ್ರೆ ನಾಳೆ ತಿಂಡಿಗೆ ನೀವಿಲ್ಲ!"

ಇಷ್ಟೇ ಆಗಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. "ಐದು ನಿಮಿಷದ ಕೆಲಸ ಸಾರ್" ಅಂದ ಅಂಗಡಿಯವರು ಬ್ರೇಕ್ ಡಿಸ್ಕ್ ಪ್ಯಾಡಿಗೆ ಉಜ್ಜುವ ವಿಷಯ ಎತ್ತಲೇ ಇಲ್ಲ. ಎರಡು ಜೊತೆಯ ಹಬ್ (ಚಕ್ರದ ನಡುಭಾಗ) ಬೇರೆ ಬೇರೆ ಕಂಪನಿಯವು, ಡಿಸ್ಕ್ ಕೂರುವ ಜಾಗ ಕೂದಲೆಳೆಯಷ್ಟು ಆಚೀಚೆ. ಹೈಡ್ರಾಲಿಕ್ ಬ್ರೇಕಿನಲ್ಲಿ ಪ್ಯಾಡಿಗೂ ಡಿಸ್ಕಿಗೂ ನಡುವೆ ಇರುವ ಸಂದೇ ಅಷ್ಟು. ಹಾಗಾಗಿ ಚಕ್ರ ಬದಲಿಸಿದಾಗಲೆಲ್ಲ ಚೀಂಯ್ ಚೀಂಯ್. ಊರು ಏಳುವ ಮುಂಚೆ ಟಾರ್ಚ್ ಹಿಡಿದು ಪ್ಯಾಡ್ ಹಿಡಿದಿರುವ ಕ್ಯಾಲಿಪರ್‌ನ ಬೋಲ್ಟ್ ಸಡಿಲಿಸು, ಬ್ರೇಕ್ ಹಿಡಿ, ಬಿಗಿ ಮಾಡು, ಮತ್ತೆ ಚೀಂಯ್. ಸೈಕಲ್ಲನ್ನೇ ಮಾರಿಬಿಡೋಣ ಅನಿಸಿದ್ದುಂಟು. ಇದಕ್ಕೆ ಮದ್ದು 0.2 ಎಂಎಂ ದಪ್ಪದ ಶಿಮ್ ಅನ್ನುವ ತೆಳು ಉಂಗುರ. ಯಾವ ಹಬ್ಬಿನಲ್ಲಿ ಡಿಸ್ಕ್ ಹೆಚ್ಚು ಒಳಗೆ ಕೂರುತ್ತೋ ಅಲ್ಲಿ ಡಿಸ್ಕಿನ ಹಿಂದೆ ಇಟ್ಟರೆ ಎರಡೂ ಸಮ. ಈಗ ಸದ್ದಿಲ್ಲ. ಇಷ್ಟು ಚಿಕ್ಕ ಉಂಗುರವನ್ನು ಚಕ್ರ ಮಾರುವವರೇ ಜೊತೆಗೆ ಕೊಟ್ಟರೆ ಅವರ ಗಂಟೇನು ಹೋಗುತ್ತೆ?

ಗೇರಿನ ಕಿರಿಕಿರಿ ಪೂರ್ತಿ ಹೋಗಿಲ್ಲ. ನನ್ನದು ಶಿಮಾನೋ ಜಿಆರ್‌ಎಕ್ಸ್ 812 ಡಿರೇಲರ್, ದೊಡ್ಡ ಹಲ್ಲು 40-42 ಇರುವ ಕ್ಯಾಸೆಟ್‌ಗೆ ಅಂತ ಮಾಡಿದ್ದು. 28ರ ಜೊತೆ ಓಡಿಸುವುದು ಕಂಪನಿ ಲೆಕ್ಕದಲ್ಲಿಲ್ಲ. ಓಡುತ್ತೇನೋ ಓಡುತ್ತೆ, ಆದರೆ ಡಿರೇಲರ್‌ನ ಬಿ-ಸ್ಕ್ರೂ ಸಡಿಲಿಸಿ ಅದರ ಮೇಲಿನ ಪುಟ್ಟ ಗಾಲಿಯನ್ನು (ಜಾಕಿ ವೀಲ್) ಹಲ್ಲಿನ ಹತ್ತಿರ ತರದಿದ್ದರೆ ಗೇರ್ ಸೋಮಾರಿಯಾಗಿ ಬೀಳುತ್ತೆ. ಎಷ್ಟು ತಿರುಗಿಸಬೇಕು ಅನ್ನುವುದಕ್ಕೆ ನೇಲ್ ಪಾಲಿಶ್ ಗುರುತು ಹಾಕಿದ್ದೇನೆ. ಚೈನ್ ಅಳತೆ 42ಕ್ಕೇ ಇರಲಿ. ಗಿಡ್ಡ ಮಾಡಿದರೆ ದೊಡ್ಡ ಹಲ್ಲಿಗೆ ಹಾಕಿದ ದಿನ ಡಿರೇಲರ್ ಕಿತ್ತುಬರುತ್ತೆ.

ಮಳೆಗಾಲದ ಕೆಂಪು ಕೆಸರು ಚೈನನ್ನು ಬೇಗ ತಿನ್ನುತ್ತೆ. ಸವೆತ ಅಳೆಯುವ ಚೆಕರ್ ಶೇ 0.5 ತೋರಿಸಿದ ಕೂಡಲೇ ಬದಲಿಸುತ್ತೇನೆ. ಹಳೇ ಚೈನ್ ಎಳೆದಾಡಿದರೆ ಕಡಿಮೆ ಓಡಿದ ಕ್ಯಾಸೆಟ್ ಮೇಲೆ ಅದು ಜಾರುತ್ತೆ.

ಬರೀ ತೋಟದ ದಾರಿಯಲ್ಲಿ ಓಡಾಡುವವರಿಗೆ ಇದು ಬೇಡ, ಆ ದುಡ್ಡಿಗೆ ಒಳ್ಳೇ ಟೈರ್ ಹಾಕಿಸಿ. ನನ್ನ ಹಾಗೆ ಎರಡೂ ಕಡೆ ಹೋಗುವವರು ತಗೊಳ್ಳಿ, ಆದರೆ ಎರಡೂ ಜೊತೆಗೆ ಒಂದೇ ಮಾಡೆಲ್ ಹಬ್ ಇರಲಿ ಅಂತ ಹಟ ಹಿಡಿಯಿರಿ. ನಾನು ಕೊಡುವುದು ನಾಲ್ಕು ಸ್ಟಾರ್. ಶಿಮ್ ಹಾಕುವ ಮುಂಚೆ ಕೇಳಿದ್ದರೆ ಎರಡು.