ಡ್ಯಾಟ್‌ಸ್ಕ್ಯಾನ್: ಒಂದೇ ಪ್ರಶ್ನೆಯ ಪರೀಕ್ಷೆ

ನಡಿಗೆ ನಿಧಾನವಾಗಿದೆ, ಮೈ ಬಿಗಿದಿದೆ, ಕೈ ನಡುಗುತ್ತಿದೆ. ಇದು ಪಾರ್ಕಿನ್ಸನ್ ಕಾಯಿಲೆಯೋ, ನುಂಗುತ್ತಿರುವ ಮಾತ್ರೆಯ ಕೆಲಸವೋ? ಈ ಗಂಟು ಬಿಡಿಸಲು ಬರೆದುಕೊಡುವ ಮಿದುಳಿನ ಸ್ಕ್ಯಾನ್ ಈ ಡ್ಯಾಟ್‌ಸ್ಕ್ಯಾನ್. ಯುರೋಪಿನಲ್ಲಿ 2000ದಲ್ಲಿ, ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆಯಿತು. ಪರೀಕ್ಷೆ ಒಳ್ಳೆಯದೇ, ಆದರೆ ‘ತಲೆಯಲ್ಲಿ ಏನಿದೆಯೋ ನೋಡೇಬಿಡೋಣ’ ಎಂದು ಮಾಡಿಸುವಂಥದ್ದಲ್ಲ.

ಇದು ನೋಡುವುದು ಮಿದುಳಿನಲ್ಲಿ ಡೋಪಮೈನ್ (ಚಲನೆಯನ್ನು ಹದದಲ್ಲಿಡುವ ರಾಸಾಯನಿಕ) ಬಿಡುಗಡೆ ಮಾಡುವ ನರತುದಿಗಳನ್ನು ಮಾತ್ರ. ವಿಕಿರಣ ಸೂಸುವ ಅಯೋಡಿನ್-123 ಸೇರಿಸಿದ ಐಯೋಫ್ಲುಪೇನ್ ಎಂಬ ವಸ್ತು ಆ ತುದಿಗಳಿಗೆ ಅಂಟಿಕೊಂಡು ಚಿತ್ರದಲ್ಲಿ ಬೆಳಗುತ್ತದೆ. ಪಾರ್ಕಿನ್ಸನ್‌ನಲ್ಲಿ ತುದಿಗಳೇ ಸಾಯುತ್ತಿರುವುದರಿಂದ ಬೆಳಕು ಕುಂದುತ್ತದೆ. ಮಾನಸಿಕ ಕಾಯಿಲೆಯ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ವಾಂತಿಯ ಮೆಟೊಕ್ಲೊಪ್ರಮೈಡ್‌ನಂಥ ಔಷಧಗಳು ಮಾಡುವುದೇ ಬೇರೆ: ತುದಿ ನೆಟ್ಟಗಿರುತ್ತದೆ, ಡೋಪಮೈನ್ ಅನ್ನು ಬರಮಾಡಿಕೊಳ್ಳುವ ಎದುರಿನ ಗ್ರಾಹಕಕ್ಕೆ (ರಿಸೆಪ್ಟರ್) ಇವು ಅಡ್ಡ ಕೂರುತ್ತವೆ. ಅಂಚೆಯವನು ಬಂದಿದ್ದಾನೆ, ಮನೆಯ ಬಾಗಿಲು ಹಾಕಿದೆ. ಹಾಗಾಗಿ ಸ್ಕ್ಯಾನ್ ನಾರ್ಮಲ್ ಬರುತ್ತದೆ. ನಾರ್ಮಲ್ ಚಿತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ಅಲ್ಪವಿರಾಮದಂಥ (,) ಆಕಾರ ಕಾಣುತ್ತದೆ. ಕಾಯಿಲೆಯಲ್ಲಿ ಮೊದಲು ಬಾಲ ಅಳಿಸಿ, ಚುಕ್ಕೆ ಉಳಿಯುತ್ತದೆ.

ಸ್ಕ್ಯಾನ್‌ಗೆ ಬಹುತೇಕ ಇಡೀ ದಿನ ಬೇಕು. ಥೈರಾಯ್ಡ್ ಕಾಪಾಡಲು ಕನಿಷ್ಠ ಒಂದು ಗಂಟೆ ಮೊದಲು ಅಯೋಡಿನ್ ಔಷಧ, ಆಮೇಲೆ ನಿಧಾನವಾಗಿ ಇಂಜೆಕ್ಷನ್ (ವಿಕಿರಣದ ಅಳತೆಯಲ್ಲಿ 111ರಿಂದ 185 ಮೆಗಾಬೆಕ್ವೆರೆಲ್), ನಂತರ 3ರಿಂದ 6 ಗಂಟೆ ಕಾಯುವುದು, ಕೊನೆಗೆ 30-45 ನಿಮಿಷ ತಲೆ ಅಲ್ಲಾಡಿಸದೆ ಮಲಗುವುದು. ತಲೆ ಓರೆಯಾದರೆ ಇಲ್ಲದ ಎಡಬಲ ವ್ಯತ್ಯಾಸ ಹುಟ್ಟಿಕೊಳ್ಳುತ್ತದೆ. ಅಯೋಡಿನ್-123ರ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಸಮಯ, ಸುಮಾರು 13 ಗಂಟೆ. ಇಂಜೆಕ್ಷನ್ ಅಂದಿಗೆಂದೇ ತರಿಸಬೇಕು, ರೋಗಿ ಬಾರದಿದ್ದರೆ ಅದು ಹಾಳು.

ಹೆಚ್ಚು ಎಡವುವುದು ಮಾತ್ರೆ ನಿಲ್ಲಿಸುವ ವಿಷಯದಲ್ಲಿ. ಖಿನ್ನತೆಯ ಬೂಪ್ರೊಪಿಯಾನ್, ಏಕಾಗ್ರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್, ಆಂಫೆಟಮೈನ್, ಅತಿನಿದ್ದೆಗೆ ಕೊಡುವ ಮೊಡಾಫಿನಿಲ್ ಇವು ಐಯೋಫ್ಲುಪೇನ್ ಕೂರಬೇಕಾದ ಜಾಗದಲ್ಲೇ ಕೂತು, ಇಲ್ಲದ ಕಾಯಿಲೆಯನ್ನು ತೋರಿಸಬಲ್ಲವು. ಇವನ್ನು ಬರೆದುಕೊಟ್ಟ ವೈದ್ಯರನ್ನು ಕೇಳಿ ಮೊದಲೇ ನಿಲ್ಲಿಸಬೇಕು. ತಮಾಷೆಯೆಂದರೆ, ಅನುಮಾನಕ್ಕೆ ಕಾರಣವಾದ ಹ್ಯಾಲೊಪೆರಿಡಾಲ್ ಅನ್ನಾಗಲಿ ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾವನ್ನಾಗಲಿ ಸ್ಕ್ಯಾನ್‌ಗೋಸ್ಕರ ನಿಲ್ಲಿಸಬೇಕಿಲ್ಲ. ಜನ ನಿಲ್ಲಿಸುವುದು ಅವನ್ನೇ!

ರಿಪೋರ್ಟ್ ಅಸಹಜ ಬಂದರೂ ಪಾರ್ಕಿನ್ಸನ್ ಎಂದು ಖಾತ್ರಿಯಾಗದು. ಪಾರ್ಕಿನ್ಸನ್ ಅನ್ನೇ ಹೋಲುವ ಬೇರೆ ಮಿದುಳಿನ ಕಾಯಿಲೆಗಳಾದ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ, ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿಗಳಲ್ಲೂ ಹೀಗೇ ಕಾಣುತ್ತದೆ. ಮಾತ್ರೆಯೂ ನಿರ್ದೋಷಿಯಾಗದು: ಒಳಗೆ ಮೆಲ್ಲಗೆ ಬೆಳೆಯುತ್ತಿದ್ದ ಕಾಯಿಲೆಯನ್ನು ಅದು ಬೇಗ ಹೊರಗೆಳೆದಿರಬಹುದು. ಇನ್ನು ಸಣ್ಣ ಸಣ್ಣ ಪಾರ್ಶ್ವವಾಯುಗಳಿಂದಲೋ ಮಿದುಳಿನಲ್ಲಿ ನೀರು ತುಂಬಿಯೋ ಬಂದ ನಡಿಗೆಯ ತೊಂದರೆಗೆ ಎಂಆರ್‌ಐ ಬೇಕು. ಎಳೆಯ ವಯಸ್ಸಿನವರಲ್ಲಿ ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯನ್ನು ತಾಮ್ರದ ಪರೀಕ್ಷೆಗಳಿಂದಲೇ ಹಿಡಿಯಬೇಕು.

ಇದಕ್ಕಿಂತ ಅಗ್ಗದ ಪರೀಕ್ಷೆಯೊಂದಿದೆ: ಒಂದು ವರ್ಷದ ಔಷಧ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡುವುದು. ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಎಲ್ಲರೂ ಹುಡುಕುತ್ತಾರೆ. ತಪ್ಪಿಹೋಗುವುದು ತಲೆಸುತ್ತಿನ ಸಿನ್ನರಿಜಿನ್, ಮೈಗ್ರೇನ್‌ನ ಫ್ಲುನರಿಜಿನ್, ವಾಂತಿಯ ಪ್ರೊಕ್ಲೋರ್‌ಪೆರಜಿನ್, ಫಿಟ್ಸ್‌ನ ವ್ಯಾಲ್ಪ್ರೊಯೇಟ್, ಅಸಿಡಿಟಿ ಕ್ಯಾಪ್ಸೂಲ್‌ನಲ್ಲಿ ಬೆರೆತಿರುವ ಲೆವೊಸಲ್ಪಿರೈಡ್. ಡಾಂಪೆರಿಡೋನ್ ಮಿದುಳಿಗೆ ಹೋಗುವುದು ತೀರಾ ಕಡಿಮೆ, ಅದರ ಮೇಲೆ ಅಷ್ಟು ಅನುಮಾನ ಬೇಡ. ಲಕ್ಷಣಗಳು ಮೈಯ ಎರಡೂ ಕಡೆ ಒಟ್ಟಿಗೇ ಶುರುವಾದರೆ ಔಷಧದ್ದೆಂದು ಹೇಳುವ ರೂಢಿಯಿದೆ, ಆದರೆ ಔಷಧದಿಂದ ಬಂದದ್ದೂ ಎಷ್ಟೋ ಜನರಲ್ಲಿ ಒಂದೇ ಕಡೆ ಹೆಚ್ಚಿರುತ್ತದೆ. ಮೂಗಿಗೆ ವಾಸನೆ ತಿಳಿಯದಿರುವುದು, ಹಳೆಯ ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇವು ಪಾರ್ಕಿನ್ಸನ್ ಕಡೆ ಬೆರಳು ತೋರಿಸುತ್ತವೆ.

ನಿಲ್ಲಿಸಬಹುದಾದ ಔಷಧವಾದರೆ ಸ್ಕ್ಯಾನ್ ಕಾಯಬಹುದು. ವೈದ್ಯರು ಅದನ್ನು ಇಳಿಸಿದ ಮೇಲೆ ಹೆಚ್ಚಿನವರಲ್ಲಿ ವಾರಗಳಿಂದ ಆರು ತಿಂಗಳೊಳಗೆ ಲಕ್ಷಣ ಇಳಿಯುತ್ತದೆ, ಕೆಲವರಲ್ಲಿ ವರ್ಷ ದಾಟುತ್ತದೆ. ಮಾನಸಿಕ ಕಾಯಿಲೆಯ ಔಷಧವನ್ನಂತೂ ತಾವಾಗಿ ನಿಲ್ಲಿಸಕೂಡದು. ಈ ತೊಂದರೆ ಕಡಿಮೆ ಕೊಡುವ ಕ್ವೆಟಿಯಾಪಿನ್ ಅಥವಾ ಕ್ಲೋಜಾಪಿನ್‌ಗೆ ವೈದ್ಯರು ಬದಲಿಸುವ ದಾರಿಯಿದೆ. ಔಷಧ ಬಿಡಲು ಆಗುವುದೇ ಇಲ್ಲ, ಇಲ್ಲವೇ ಬಿಟ್ಟು ಆರು ತಿಂಗಳಾದರೂ ನಡಿಗೆ ಸುಧಾರಿಸಿಲ್ಲ ಎಂದಾದಾಗ ಈ ಸ್ಕ್ಯಾನ್ ಕೊಟ್ಟ ಹಣಕ್ಕೆ ಮೋಸ ಮಾಡದು.

ಐಯೋಫ್ಲುಪೇನ್ ಸಿಗದ ಕಡೆ ಟೆಕ್ನೀಷಿಯಂ-99ಎಂ ಎಂಬ ಬೇರೆ ವಿಕಿರಣ ವಸ್ತು ಬಳಸುವ ಟ್ರೋಡ್ಯಾಟ್ ಸ್ಕ್ಯಾನ್ ಇದೆ. ಚಿತ್ರ ತುಸು ಮಸುಕು, ಖರ್ಚು ಕಡಿಮೆ, ಥೈರಾಯ್ಡ್‌ಗೆಂದು ಅಯೋಡಿನ್ ಕುಡಿಯಬೇಕಿಲ್ಲ. ಉತ್ತರಿಸುವುದು ಅದೇ ಒಂದು ಪ್ರಶ್ನೆಯನ್ನು: ಡೋಪಮೈನ್ ನರತುದಿಗಳು ನೆಟ್ಟಗಿವೆಯೋ ಇಲ್ಲವೋ?